ಹನ್ನೊಂದು ಸಾವಿರದ ಊಟ, ಆಮೇಲೆ ಮೊಸರನ್ನ

(ಹಾಸನದ ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಕಳೆದ ತಿಂಗಳು ಸಂತೆಪೇಟೆಯಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬ ಸಿಕ್ಕಿದ. ಹಾನುಬಾಳಿನ ಕಡೆ ಏಳೆಂಟು ಎಕರೆ ಕಾಫಿ ತೋಟ ಇಟ್ಟುಕೊಂಡಿರುವ, ಲೆಕ್ಕದಲ್ಲಿ ಬಹಳ ಗಟ್ಟಿಯಾದ ಮನುಷ್ಯ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನ ಮಗ, ಅಪ್ಪನಿಗೆ ಅರವತ್ತು ತುಂಬಿತೆಂದು, ಮನೆಯ ನಾಲ್ಕೂ ಜನರನ್ನು ಅಲ್ಲಿಯ ಒಂದು ದೊಡ್ಡ ಹೋಟೆಲಿನ ರೆಸ್ಟೋರೆಂಟಿಗೆ ರಾತ್ರಿ ಊಟಕ್ಕೆ ಕರೆದೊಯ್ದಿದ್ದನಂತೆ. "ನಾಲ್ಕು ಜನಕ್ಕೆ ಹನ್ನೊಂದು ಸಾವಿರ ಆಯ್ತು ಕಣಯ್ಯ. ಮಗನ ಮನೆಗೆ ವಾಪಸ್ ಬಂದು ಮೊಸರನ್ನ ಕಲಸ್ಕೊಂಡು ತಿಂದೆ. ನೀನು ಅಂಥ ಕಡೆನೇ ಇದ್ದೋನು, ಆ ದುಡ್ಡೆಲ್ಲ ಎಲ್ಲಿಗ್ ಹೋಯ್ತು ಅಂತ ನೀನೇ ಹೇಳು" ಎಂದ.

ಅವನು ಕೇಳಿದ್ದು ಸರಿಯಾದ ಮನುಷ್ಯನನ್ನೇ. ಆಲೂರಿನಿಂದ ಹೊರಟ ನಾನು ಬೆಂಗಳೂರಿನ ದೊಡ್ಡ ಹೋಟೆಲುಗಳ ಊಟದ ಹಾಲಿನಲ್ಲಿ 26 ವರ್ಷ ದುಡಿದಿದ್ದೇನೆ. ಮೊದಲ ದಿನ ಗಾಜಿನ ಲೋಟ ಒರೆಸಿದವನು, ಕೊನೆಯ ದಿನ ಮ್ಯಾನೇಜರ್ ಆಗಿ ಲೆಕ್ಕ ಒಪ್ಪಿಸಿ ಊರಿಗೆ ಬಂದೆ. ಈ ಸಭೆಯಲ್ಲಿ ಮಾತನಾಡಲು ಕರೆದಾಗ ಬೇರೆ ವಿಷಯ ಹುಡುಕಲಿಲ್ಲ. ಗೆಳೆಯನ ಮಗ ಬಿಲ್ಲಿನ ಫೋಟೋವನ್ನು ನನ್ನ ಮೊಬೈಲಿಗೆ ಕಳಿಸಿದ್ದಾನೆ. ಇಂದಿನ ನನ್ನ ಮಾತು ಆ ಬಿಲ್ಲಿನ ಮೇಲೆ ಬರೆದ ಒಂದು ಟಿಪ್ಪಣಿ ಎಂದುಕೊಳ್ಳಿ. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ; ಇಂಥ ಊಟದ ಸರದಿ ನಿಮಗೂ ಬಂದಿರುತ್ತದೆ, ಇಲ್ಲವೇ ಬರುತ್ತದೆ.

ಬಿಲ್ಲು ಹೀಗಿದೆ: ಊಟ, ನೀರು, ಕಾಫಿ ಎಲ್ಲ ಸೇರಿ 8,600 ರೂಪಾಯಿ. ಅದರ ಮೇಲೆ ಶೇಕಡ 10ರಂತೆ ಸರ್ವಿಸ್ ಚಾರ್ಜ್ 860. ಎರಡೂ ಕೂಡಿದ 9,460ರ ಮೇಲೆ ಶೇಕಡ 18ರಂತೆ ಜಿಎಸ್‌ಟಿ 1,703. ಒಟ್ಟು 11,163.

ಮೊದಲು ಆ 8,600ನ್ನು ನೋಡೋಣ. ಹೋಟೆಲ್ ಕಸುಬಿನಲ್ಲಿ ಒಂದು ಅಂದಾಜಿನ ಲೆಕ್ಕವಿದೆ: ತಟ್ಟೆಯ ಬೆಲೆಯಲ್ಲಿ ದಿನಸಿ, ತರಕಾರಿ, ಮೀನು, ಮಾಂಸದ ಖರ್ಚು ಸುಮಾರು ಮೂರನೇ ಒಂದು ಭಾಗದೊಳಗೆ ಇರಬೇಕು. ಅಂದರೆ ನನ್ನ ಗೆಳೆಯನ ಮೇಜಿಗೆ ಬಂದ ಪದಾರ್ಥಗಳ ಅಸಲು ಮೂರು ಸಾವಿರದ ಒಳಗೇ. ಉಳಿದದ್ದೆಲ್ಲ ಲಾಭ ಎಂದು ನೀವು ಥಟ್ಟನೆ ತೀರ್ಮಾನಿಸಿದರೆ ಅದು ತಪ್ಪಾಗುತ್ತದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಗಿರಾಕಿ ಟೋಕನ್ ತಾನೇ ತೆಗೆದುಕೊಂಡು, ತಿಂಡಿ ತಾನೇ ಎತ್ತಿಕೊಂಡು, ನಿಂತೇ ತಿಂದು, ಹತ್ತು ನಿಮಿಷದಲ್ಲಿ ಜಾಗ ಖಾಲಿ ಮಾಡುತ್ತಾನೆ; ಅವನು ಕೊಡುವ ಬೆಲೆಯಲ್ಲಿ ಹತ್ತು ನಿಮಿಷದ ಬಾಡಿಗೆ ಮಾತ್ರ ಸೇರಿರುತ್ತದೆ. ನನ್ನ ಗೆಳೆಯನ ಕುಟುಂಬ ಎಂಟು ಗಂಟೆಗೆ ಕೂತು ಹತ್ತೂವರೆಗೆ ಎದ್ದಿದೆ. ನಗರದ ನಡುಮಧ್ಯದ ಜಾಗದಲ್ಲಿ, ಪಕ್ಕದವರ ಮಾತು ಕಿವಿಗೆ ಬೀಳದಷ್ಟು ದೂರ ಹಾಕಿದ ಮೇಜು ಅದು. ಆ ರಾತ್ರಿ ಆ ಮೇಜಿನ ಮೇಲೆ ಇನ್ನೊಂದು ಕುಟುಂಬ ಕೂತಿರಲಾರದು.

ಇನ್ನು ಜನರ ಲೆಕ್ಕ. ಬಾಗಿಲಲ್ಲಿ ಹೆಸರು ಕೇಳಿ ಕೂರಿಸಿದವರು ಒಬ್ಬರು, ಆರ್ಡರ್ ತೆಗೆದುಕೊಂಡ ಕ್ಯಾಪ್ಟನ್ ಒಬ್ಬರು, ತಂದು ಬಡಿಸಿದವರು ಒಬ್ಬರು, ತಟ್ಟೆ ಎತ್ತಿದವರು ಇನ್ನೊಬ್ಬರು. ಇವರು ನಿಮಗೆ ಕಾಣುವವರು. ಕಾಣದವರು ಅಡುಗೆಮನೆಯಲ್ಲಿ ವಿಭಾಗ ವಿಭಾಗವಾಗಿ ಹಂಚಿಹೋಗಿರುತ್ತಾರೆ: ತಂದೂರಿನ ಮುಂದೆ ಒಬ್ಬರು, ಸಾಸು ಕಾಯಿಸುವವರು, ತಣ್ಣನೆಯ ತಿನಿಸು ಜೋಡಿಸುವವರು, ಬೇಕರಿಯವರು, ಪಾತ್ರೆ ತೊಳೆಯುವವರು. ಅಡುಗೆಮನೆಯನ್ನು ಪಡೆಯ ಹಾಗೆ ಕಟ್ಟುವ ಈ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಸವಾಯ್ ಹೋಟೆಲಿನಲ್ಲಿದ್ದ ಫ್ರೆಂಚ್ ಬಾಣಸಿಗ ಆಗಸ್ಟ್ ಎಸ್ಕಾಫಿಯೆ ರೂಢಿಗೆ ತಂದರು. ಜಗತ್ತಿನ ದೊಡ್ಡ ಹೋಟೆಲುಗಳೆಲ್ಲ ಇವತ್ತಿಗೂ ಅದರ ಮೇಲೆಯೇ ನಡೆಯುತ್ತವೆ.

ಇದರ ಕಷ್ಟ ಎಲ್ಲಿದೆ ಎಂಬುದು ಊಟಕ್ಕೆ ಕೂತವರಿಗೆ ಗೊತ್ತಾಗುವುದಿಲ್ಲ. ನಾಲ್ವರು ನಾಲ್ಕು ಬಗೆ ಹೇಳಿದ್ದಾರೆ ಎನ್ನಿ. ಮೀನಿಗೆ ಎಂಟು ನಿಮಿಷ ಸಾಕು, ಕೋಳಿಗೆ ಇಪ್ಪತ್ತು ಬೇಕು, ಅನ್ನದ ಖಾದ್ಯಕ್ಕೆ ಹದಿನೆಂಟು. ನಾಲ್ಕೂ ತಟ್ಟೆ ಒಂದೇ ಕ್ಷಣಕ್ಕೆ ಬಿಸಿಯಾಗಿ ಮೇಜು ಸೇರಬೇಕು. ಅಡುಗೆಮನೆಗೂ ಹಾಲಿಗೂ ನಡುವೆ ಪಾಸ್ ಎಂದು ಕರೆಯುವ ಒಂದು ಉದ್ದನೆಯ ಕಟ್ಟೆ ಇರುತ್ತದೆ, ಮೇಲೆ ಬಿಸಿ ದೀಪ ತೂಗುತ್ತಿರುತ್ತದೆ. ಅಲ್ಲಿ ನಿಂತ ಶೆಫ್, ಕೆಒಟಿ ಎಂಬ ಆರ್ಡರಿನ ಚೀಟಿ ಹಿಡಿದು, ಕೋಳಿ ಯಾವಾಗ ಇಳಿಸಬೇಕು, ಮೀನು ಯಾವಾಗ ಏರಿಸಬೇಕು ಎಂದು ಕೂಗುತ್ತಿರುತ್ತಾರೆ. ಇಷ್ಟರಲ್ಲಿ ನಿಮ್ಮ ಮೇಜಿನವರೊಬ್ಬರು ಫೋನ್ ಬಂತೆಂದು ಎದ್ದು ಹೊರಗೆ ಹೋದರೆ, ಕ್ಯಾಪ್ಟನ್ ಓಡಿಹೋಗಿ ಮೀನನ್ನು ತಡೆಯಬೇಕು. ಹಾಗೆ ಓಡಿದ ಓಟಗಳಿಂದಾಗಿಯೇ ನನ್ನ ಎಡ ಮೊಣಕಾಲು ಇವತ್ತು ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ.

ಒಂದು ತಿನಿಸು ಮುಗಿದ ಮೇಲೆ ಇನ್ನೊಂದು ಎಂಬ ಈ ಬಡಿಸುವ ಕ್ರಮಕ್ಕೂ ಒಂದು ಚರಿತ್ರೆ ಇದೆ. ರೆಸ್ಟೋರೆಂಟ್ ಎಂಬ ಮಾತಿಗೆ ಫ್ರಾನ್ಸಿನಲ್ಲಿ ಮೊದಲಿದ್ದ ಅರ್ಥ ನಿತ್ರಾಣವಾದವರಿಗೆ ಚೈತನ್ಯ ಕೊಡುವ ಮಾಂಸದ ಸಾರು ಎಂದು. ಹದಿನೆಂಟನೆಯ ಶತಮಾನದ ಎರಡನೆಯ ಅರ್ಧದಲ್ಲಿ ಪ್ಯಾರಿಸ್ಸಿನಲ್ಲಿ ಆ ಸಾರು ಮಾರುವ ಅಂಗಡಿಗಳು ಬೇರೆಬೇರೆ ಮೇಜು ಹಾಕಿ, ತಿನಿಸುಗಳ ಬೆಲೆಪಟ್ಟಿ ಇಟ್ಟು, ಗಿರಾಕಿ ಬಂದ ಹೊತ್ತಿಗೆ ಅವನಿಗೆ ಬೇಕಾದ್ದನ್ನು ಕೊಡತೊಡಗಿದವು. ಅದಕ್ಕೆ ಮೊದಲು ಛತ್ರದಂಥ ಕಡೆಗಳಲ್ಲಿ ಒಂದೇ ಮೇಜು, ಒಂದೇ ಹೊತ್ತು, ಅಂದು ಮಾಡಿದ್ದೇ ಊಟ. ಶ್ರೀಮಂತರ ಮನೆಗಳಲ್ಲಾದರೋ ಹತ್ತಾರು ಖಾದ್ಯಗಳನ್ನು ಒಮ್ಮೆಗೇ ಮೇಜಿನ ಮೇಲೆ ಹರಡುತ್ತಿದ್ದರು; ನೋಡಲು ವೈಭವ, ತಿನ್ನುವ ಹೊತ್ತಿಗೆ ಎಲ್ಲವೂ ತಣ್ಣಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದಾದ ಮೇಲೊಂದನ್ನು ಬಿಸಿಬಿಸಿಯಾಗಿ ತರುವ ರಷ್ಯನ್ ಕ್ರಮ ಯುರೋಪಿನಲ್ಲಿ ಹಬ್ಬಿ, ಹಳೆಯದನ್ನು ಮೂಲೆಗೆ ತಳ್ಳಿತು. ತರಬೇತಿಯಲ್ಲಿ ಇದನ್ನು ನಮಗೆ ದೊಡ್ಡ ವಿದ್ಯೆಯೆಂಬಂತೆ ಹೇಳಿಕೊಟ್ಟರು. ನನಗೆ ಆಗ ಕಣ್ಣಿಗೆ ಕಟ್ಟಿದ್ದು ನಮ್ಮೂರಿನ ಮದುವೆಯ ಪಂಕ್ತಿ. ಎಲೆಯ ತುದಿ ಎಡಕ್ಕೆ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಜನ ಕೂರುವ ಮೊದಲೇ ಎಲೆಯ ಮೇಲೆ. ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ ಒಂದರ ಹಿಂದೊಂದು. ಆ ಎರಡೂ ಕ್ರಮಗಳನ್ನು ಒಂದು ಬಾಳೆಯೆಲೆಯ ಮೇಲೆ ಯಾವ ಗಲಾಟೆಯೂ ಇಲ್ಲದೆ ಒಟ್ಟಿಗಿಟ್ಟವರು ನಾವು.

ಊಟ ಮುಗಿಯಿತೆಂದು ಹೇಳಲು ನಾವು ಎಲೆ ಮಡಿಸುತ್ತೇವೆ. ಆ ಕಡೆಯವರಿಗೆ ಅದೇ ಮಾತನ್ನು ಹೇಳಲು ಚಾಕು, ಮುಳ್ಳುಚಮಚ ಇವೆ. ಎರಡನ್ನೂ ತಟ್ಟೆಯಲ್ಲಿ ಜೊತೆಜೊತೆಯಾಗಿ ಇಟ್ಟರೆ ಮುಗಿಯಿತೆಂದೂ, ತುದಿ ಸೇರಿಸಿ ಮನೆಯ ಮಾಡಿನ ಹಾಗೆ ಓರೆಯಾಗಿ ಇಟ್ಟರೆ ಇನ್ನೂ ತಿನ್ನುತ್ತಿದ್ದೇನೆಂದೂ ಅರ್ಥ. ಇದನ್ನು ಹೇಳುವಾಗ ನನಗೆ ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಒಂದು ರಾತ್ರಿ ನೆನಪಾಗದೆ ಇರುವುದಿಲ್ಲ. ಅರಸೀಕೆರೆ ಕಡೆಯಿಂದ ಬಂದಿದ್ದ ವಯಸ್ಸಾದ ದಂಪತಿ, ಜೊತೆಗೆ ಮಗಳು. ಯಜಮಾನರು ಇಸ್ತ್ರಿ ಹಾಕಿದ ಬಿಳಿ ಪಂಚೆ ಉಟ್ಟಿದ್ದರು. ಮೆನು ಕಾರ್ಡಿನ ಬಲಗಡೆಯ ಬೆಲೆಗಳನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ ಮುಚ್ಚಿಟ್ಟರು. ಮಗಳು ಅವರ ಪರವಾಗಿ ಹುರಿದ ಕೋಳಿ ಹೇಳಿದಳು. ಎರಡು ತುಂಡು ತಿಂದಿರಬೇಕು, ನೀರು ಕುಡಿಯಲೆಂದು ಚಾಕು ಚಮಚ ಎರಡನ್ನೂ ಅಚ್ಚುಕಟ್ಟಾಗಿ, ಒಂದರ ಪಕ್ಕ ಒಂದು, ತಟ್ಟೆಯ ಮೇಲೆ ಜೋಡಿಸಿ ಇಟ್ಟರು. ನಾನು ಹೊಸದಾಗಿ ಕಲಿತ ಉತ್ಸಾಹದಲ್ಲಿ ಬಂದು, ಬಗ್ಗಿ, ತಟ್ಟೆ ಎತ್ತಿಕೊಂಡು ಹೋದೆ. ಮುಕ್ಕಾಲು ಕೋಳಿ ಹಾಗೆಯೇ ಇತ್ತು. ಅವರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಮಗಳು ಆಗ ಕೈ ತೊಳೆಯಲು ಹೋಗಿದ್ದಳು. ಬಿಲ್ಲಾದ ಮೇಲೆ, ನಾನು ಹಾಸನದ ಕಡೆಯವನೆಂದು ಮಾತಿನಲ್ಲೇ ಗುರುತು ಹಿಡಿದು, ಆ ಯಜಮಾನರು ಬಾಗಿಲ ಬಳಿ ಮೆಲ್ಲಗೆ ಕೇಳಿದರು: "ಇಲ್ಲಿ ಅಷ್ಟೇ ತಿನ್ಬೇಕು ಅಂತ ಏನಾದ್ರೂ ಇದೆಯೇನಪ್ಪಾ?"

ನಾನು ಏನು ಉತ್ತರ ಕೊಟ್ಟೆನೆಂದು ನೆನಪಿಲ್ಲ, ಬಹುಶಃ ಕೊಡಲಿಲ್ಲ. ಆಮೇಲಿನ ವರ್ಷಗಳಲ್ಲಿ ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬ ಹುಡುಗನಿಗೂ ಒಂದು ಮಾತು ಹೇಳಿದ್ದೇನೆ: ಚಾಕು ಚಮಚ ಹೇಗೆ ಬೇಕಾದರೂ ಇರಲಿ, ಬಾಯಿಬಿಟ್ಟು ಕೇಳದೆ ತಟ್ಟೆ ಮುಟ್ಟಬೇಡ. ನಿಮಗೆ ಹೇಳಬೇಕಾದದ್ದು ಇದರ ಇನ್ನೊಂದು ಮಗ್ಗುಲು. ದರ್ಶಿನಿಯಲ್ಲಿ ಚಟ್ನಿ ಸಾಲದಿದ್ದರೆ ನೀವು ಕೂಗಿ ಕೇಳುತ್ತೀರಿ. ಮಿಲಿಟರಿ ಹೋಟೆಲಿನಲ್ಲಿ ಮುದ್ದೆ ಬಿಸಿಯಿಲ್ಲವೆಂದರೆ ಮಾಲೀಕನ ಮುಖಕ್ಕೇ ಹೇಳುತ್ತೀರಿ. ಅದೇ ನೀವು, ಅದರ ಇಪ್ಪತ್ತು ಪಟ್ಟು ದುಡ್ಡು ಕೊಡುವ ಕಡೆ, ಪರೀಕ್ಷೆಗೆ ಕೂತ ಹುಡುಗರ ಹಾಗೆ ಸುಮ್ಮನಾಗುತ್ತೀರಿ. ಕ್ಯಾಪ್ಟನ್ನಿಗೆ ಸಂಬಳ ಕೊಡುವುದೇ ನಿಮ್ಮ ಪ್ರಶ್ನೆಗಳಿಗೆ ಉತ್ತರ ಹೇಳಲಿಕ್ಕೆ. ಇದು ಎಷ್ಟು ಜನಕ್ಕೆ ಸಾಕು, ಖಾರ ಎಷ್ಟಿದೆ, ಇದರಲ್ಲಿ ಮೊಟ್ಟೆ ಇದೆಯೇ, ಒಂದನ್ನೇ ಇಬ್ಬರಿಗೆ ಎರಡು ತಟ್ಟೆಯಲ್ಲಿ ಹಂಚಿ ಕೊಡುತ್ತೀರಾ, ಇವೆಲ್ಲ ಅಲ್ಲಿ ದಿನವೂ ಕೇಳುವ ಪ್ರಶ್ನೆಗಳು. ಬೈಟು ಎಂಬ ಮಾತು ಅಲ್ಲಿ ನಡೆಯದಿರಬಹುದು, ಬೈಟು ಮಾತ್ರ ಸಲೀಸಾಗಿ ನಡೆಯುತ್ತದೆ.

ನನ್ನ ಗೆಳೆಯ ಕೇಳಿರಲಿಲ್ಲ. ಮೆನುವಿನಲ್ಲಿ ಅಣಬೆ ಮತ್ತು ಅಕ್ಕಿ ಎಂದು ಓದಿ, ಮಳೆಗಾಲದ ಅಣಬೆ ಪಲಾವನ್ನು ನೆನೆದುಕೊಂಡು, ರಿಸೊಟ್ಟೊ ಹೇಳಿದ್ದಾನೆ. ಬಂದದ್ದು ಗಂಜಿಯ ಹಾಗೆ ಹರಿಯುವ ಒಂದು ತಟ್ಟೆ, ಅಗುಳಿನ ನಡುವೆ ಸಣ್ಣ ಗಟ್ಟಿ. "ಬೇಯದ ಅನ್ನಕ್ಕೆ ಸಾವಿರದ ಇನ್ನೂರು" ಎಂದು ಅವನಿಗೆ ಸಿಟ್ಟು. ಅದು ಬೇಯದ ಅನ್ನವಲ್ಲ. ಉತ್ತರ ಇಟಲಿಯಲ್ಲಿ ಬೆಳೆಯುವ, ಪಿಷ್ಟ ಹೆಚ್ಚಿರುವ ಗುಂಡು ಅಕ್ಕಿಯನ್ನು ಬೆಣ್ಣೆಯಲ್ಲಿ ಹುರಿದು, ಬಿಸಿ ಸಾರನ್ನು ಸೌಟು ಸೌಟಾಗಿ ಹಾಕಿ ತಿರುವುತ್ತಾ, ಹೊರಗೆ ಲೋಳೆಯಾಗಿ ಒಳಗೆ ಹಲ್ಲಿಗೆ ತುಸು ತಡೆಯುವ ಹದಕ್ಕೆ ಇಳಿಸುತ್ತಾರೆ. ಅದೇ ಅದರ ಹದ. ಆದರೆ ಕಡುಬಿನ ಅಕ್ಕಿಗೆ ಬೇರೆ, ರೊಟ್ಟಿಯ ಅಕ್ಕಿಗೆ ಬೇರೆ ತರಿ ನೋಡುವ ಮನೆಯಿಂದ ಬಂದವನಿಗೆ ಆ ಹದ ಒಗ್ಗದಿದ್ದರೆ ಅದರಲ್ಲಿ ಅವನ ತಪ್ಪೇನಿದೆ? ಇನ್ನೂ ಸ್ವಲ್ಪ ಬೇಯಿಸಿ ಕೊಡಿ ಎಂದಿದ್ದರೆ ಐದು ನಿಮಿಷದಲ್ಲಿ ಬೇಯಿಸಿ ತರುತ್ತಿದ್ದರು. ಶೆಫ್ ಒಳಗೆ ಗೊಣಗಿರುತ್ತಿದ್ದರು, ಅದಿರಲಿ. ಇವನು ಎರಡು ಚಮಚ ತಿಂದು, ಮಗ ಬೇಜಾರು ಮಾಡಿಕೊಂಡಾನೆಂದು, ತಟ್ಟೆಯಲ್ಲೇ ಅತ್ತಿತ್ತ ಹರಡಿ ಕೂತಿದ್ದಾನೆ. ಮೊಸರನ್ನದ ಕಥೆ ಇಷ್ಟೇ.

ಇಲ್ಲಿ ಮಗನ ಮೇಲೂ ನನ್ನದೊಂದು ದೂರಿದೆ. ಅಪ್ಪನಿಗೆ ಅರವತ್ತಾಯಿತೆಂದು ಕರೆದೊಯ್ಯುವವನು ಅಪ್ಪನ ನಾಲಿಗೆಯನ್ನು ಯೋಚಿಸಬೇಕಿತ್ತು. ಅದೇ ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ 1990ರಲ್ಲಿ ಶುರುವಾದ ಕರಾವಳಿ ಎಂಬ ರೆಸ್ಟೋರೆಂಟ್, ಮಂಗಳೂರು, ಕೇರಳ, ಗೋವಾ, ಕೊಡಗಿನ ಮನೆ ಅಡುಗೆಗಳನ್ನೇ ದೊಡ್ಡ ಹೋಟೆಲಿನ ಮೇಜಿಗೆ ತಂದಿತು. ಅದನ್ನು ಬಹುಕಾಲ ನಡೆಸಿದ ಶೆಫ್ ನರೇನ್ ತಿಮ್ಮಯ್ಯ ಕೊಡಗಿನವರು. ಪಂಚತಾರಾ ಹೋಟೆಲೆಂದರೆ ಫ್ರೆಂಚ್ ಇಲ್ಲವೇ ಮೊಘಲಾಯಿ ಎಂದಷ್ಟೇ ತಿಳಿದಿದ್ದ ಕಾಲದಲ್ಲಿ, ನಮ್ಮ ಕಸುಬಿನವರ ನಡುವೆ ಅದೊಂದು ಸುದ್ದಿಯಾಗಿತ್ತು. ಕೈಯಲ್ಲಿ ತಿನ್ನಬಹುದೇ ಎಂದು ಹಿಂಜರಿಯುವವರಿಗೆ ದೆಹಲಿಯ ಐಟಿಸಿ ಮೌರ್ಯ ಹೋಟೆಲಿನ ಬುಖಾರಾ ರೆಸ್ಟೋರೆಂಟನ್ನು ತೋರಿಸುತ್ತೇನೆ. ದೇಶದೇಶಗಳ ಅಧ್ಯಕ್ಷರು ಊಟ ಮಾಡಿದ ಆ ಜಾಗದಲ್ಲಿ ಮೇಜಿನ ಮೇಲೆ ಚಾಕು ಚಮಚ ಜೋಡಿಸಿಟ್ಟಿರುವುದಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಕೈಯಲ್ಲಿ ತಿನ್ನಿ ಎನ್ನುತ್ತಾರೆ.

ಪಂಚತಾರಾ ಎಂದೆನಲ್ಲ, ಇದರಲ್ಲಿ ಒಂದು ಗೊಂದಲವಿದೆ, ಬೇಗ ಹೇಳಿ ಮುಗಿಸುತ್ತೇನೆ. ಹೋಟೆಲಿಗೆ ಐದು ನಕ್ಷತ್ರ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ. ಅದು ಕೋಣೆ, ಸೌಕರ್ಯ, ಸೇವೆಗಳನ್ನು ನೋಡಿ ಕೊಡುವ ದರ್ಜೆ. ಊಟದ ರುಚಿಗೆ ಸಿಗುವ ಮಿಶೆಲಿನ್ ನಕ್ಷತ್ರ ಬೇರೆಯೇ. ಅದನ್ನು ಕೊಡುವುದು ಒಂದು ಟೈರ್ ಕಂಪನಿ. ಜನ ಹೆಚ್ಚು ಕಾರು ಓಡಿಸಿದರೆ ಟೈರು ಸವೆಯುತ್ತದೆಂದು 1900ರಲ್ಲಿ ಫ್ರಾನ್ಸಿನ ಆ ಕಂಪನಿ ವಾಹನ ಸವಾರರಿಗೆ ಹಂಚಿದ ಕೈಪಿಡಿ, 1926ರಿಂದ ಒಳ್ಳೆಯ ಊಟಕ್ಕೆ ನಕ್ಷತ್ರ ಹಾಕತೊಡಗಿತು. ಒಂದಿದ್ದರೆ ದಾರಿಯಲ್ಲಿ ಸಿಕ್ಕಾಗ ನಿಲ್ಲಬಹುದು, ಎರಡಿದ್ದರೆ ದಾರಿ ಬಿಟ್ಟು ಹೋಗಬಹುದು, ಮೂರಿದ್ದರೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದು. ಭಾರತೀಯ ಅಡುಗೆಗೆ ಅದು ಮೊದಲು ಸಿಕ್ಕದ್ದು 2001ರಲ್ಲಿ, ಲಂಡನ್ನಿನಲ್ಲಿ ಅಡುಗೆ ಮಾಡುತ್ತಿದ್ದ ಅತುಲ್ ಕೊಚ್ಚರ್ ಮತ್ತು ವಿನೀತ್ ಭಾಟಿಯಾ ಅವರಿಗೆ.

ಅಂಗೈಯಗಲದ ತಟ್ಟೆಯಲ್ಲಿ ಎರಡು ತುತ್ತು ಇಟ್ಟು ಕೊಡುತ್ತಾರೆಂದು ಎಲ್ಲರೂ ನಗುತ್ತಾರೆ. ಹತ್ತು ಬಗೆ ಬರುವ ಊಟದಲ್ಲಿ ಒಂದೊಂದೂ ಎರಡೇ ತುತ್ತು ಇರಬೇಕು, ಇಲ್ಲದಿದ್ದರೆ ಐದನೆಯದಕ್ಕೇ ನೀವು ಏಳುತ್ತೀರಿ. ಆದ್ದರಿಂದ ನಾನು ನಗುವುದಿಲ್ಲ. ನನಗೆ ಸಹಿಸಲಾಗದ್ದು ತಟ್ಟೆಯ ಮೇಲೆ ಗಾಜಿನ ಮುಚ್ಚಳ ಎತ್ತಿ ಹೊಗೆ ಬಿಡುವ ಆಟ, ಮತ್ತು ಒಂದು ಸೊಪ್ಪಿನ ಸಾರಿಗೆ ಆರು ಸಾಲಿನ ವರ್ಣನೆ. ನಮ್ಮ ಕಳಲೆ (ಎಳೆಬಿದಿರಿನ ಮೊಳಕೆ), ಜೀರಿಗೆ ಮೆಣಸು, ಕೆಸುವಿನೆಲೆ ಇವತ್ತು ಆ ಮೆನುಗಳಲ್ಲಿ ಕಾಣಿಸತೊಡಗಿರುವುದು ಸಂತೋಷವೇ. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕಬೇಕೆಂಬುದು ಗೊತ್ತಿಲ್ಲದ ಶೆಫ್ ಕೈಗೆ ಅದು ಸಿಕ್ಕಾಗ ಮಾತ್ರ ಭಯವಾಗುತ್ತದೆ.

ಈಗ ಬಿಲ್ಲಿನ ಕೆಳಗಿನ ಅರ್ಧಕ್ಕೆ ಬರುತ್ತೇನೆ. ಜಿಎಸ್‌ಟಿ ಎಲ್ಲ ಕಡೆ ಒಂದೇ ಅಲ್ಲ. ಬೀದಿಯ ಬದಿಯ ಸ್ವತಂತ್ರ ರೆಸ್ಟೋರೆಂಟ್ ಎಷ್ಟೇ ದುಬಾರಿಯಾಗಿದ್ದರೂ ಶೇಕಡ 5. ದಿನದ ಕೋಣೆ ಬಾಡಿಗೆ 7,500 ರೂಪಾಯಿ ದಾಟುವ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಶೇಕಡ 18. ಅದೇ 8,600ರ ಊಟವನ್ನು ನನ್ನ ಗೆಳೆಯ ಹೊರಗಿನ ರೆಸ್ಟೋರೆಂಟಿನಲ್ಲಿ, ಸರ್ವಿಸ್ ಚಾರ್ಜ್ ಇಲ್ಲದೆ ಮಾಡಿದ್ದರೆ 9,030ಕ್ಕೆ ಮುಗಿಯುತ್ತಿತ್ತು.

ಸರ್ವಿಸ್ ಚಾರ್ಜ್ ಎಂಬುದನ್ನು ನಿಮ್ಮಲ್ಲಿ ಬಹಳ ಮಂದಿ ತೆರಿಗೆ ಎಂದುಕೊಂಡಿದ್ದೀರಿ. ಅದರಲ್ಲಿ ಒಂದು ಪೈಸೆಯೂ ಸರ್ಕಾರಕ್ಕೆ ಹೋಗುವುದಿಲ್ಲ. ಅದು ಹೋಟೆಲು ತಾನೇ ಬರೆದುಕೊಳ್ಳುವ ಟಿಪ್ಸು. ಕೇಳದೆಯೇ ಅದನ್ನು ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ಹೋಟೆಲು ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ತೆಗೆಯಿರಿ ಎಂದು ಹೇಳಿದರೆ ತೆಗೆಯಬೇಕು, ತಕರಾರು ಮಾಡಿದರೆ 1915 ಎಂಬ ಗ್ರಾಹಕ ಸಹಾಯವಾಣಿ ಇದೆ. ನನ್ನ ಗೆಳೆಯ ಹೇಳಿದ್ದರೆ 860 ರೂಪಾಯಿ, ಅದರ ಮೇಲೆ ಬಿದ್ದ ತೆರಿಗೆ 155, ಒಟ್ಟು 1,015 ಉಳಿಯುತ್ತಿತ್ತು. ಆ ದುಡ್ಡಿನಲ್ಲಿ ಪಾಲು ಪಡೆದು ಸಂಸಾರ ನಡೆಸಿದವನು ನಾನು, ಆದ್ದರಿಂದ ಈ ಮಾತು ಹೇಳಲು ನಾಲಿಗೆ ತುಸು ತಡವರಿಸುತ್ತದೆ. ಆದರೆ ಹುಡುಗರ ಕೈಗೆ ಪೂರ್ತಿ ಸೇರದೆ, ಒಡೆದ ಗಾಜಿನ ಲೆಕ್ಕಕ್ಕೆಂದು ಅದರಲ್ಲಿ ಒಂದಿಷ್ಟು ಮುರಿದುಕೊಳ್ಳುವುದನ್ನೂ ಕಂಡಿದ್ದೇನೆ. ಚೆನ್ನಾಗಿ ನೋಡಿಕೊಂಡ ಹುಡುಗನ ಕೈಗೆ ನೀವೇ ಕೊಡಿ.

ಬಿಲ್ಲಿನಲ್ಲಿ ಎರಡು ಬಾಟಲಿ ನೀರಿಗೆ 500 ರೂಪಾಯಿ ಇದೆ. ಬಾಟಲಿಯ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವುದು ಅಪರಾಧವಲ್ಲವೇ ಎಂದು ಗೆಳೆಯ ಕೇಳಿದ. ಹೋಟೆಲಿನಲ್ಲಿ ಕೂರಿಸಿ ಕೊಡುವ ನೀರಿಗೆ ಆ ಕಟ್ಟು ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಕೂತ ಕೂಡಲೇ ಬಾಟಲಿ ಹಿಡಿದು ಬರುವ ಹುಡುಗನಿಗೆ "ಸಾದಾ ಫಿಲ್ಟರ್ ನೀರು ಕೊಡಪ್ಪ" ಎಂದರೆ ಆಯಿತು.

ಆ ಬಿಲ್ಲಿನ ಕೊನೆಯ ಸಾಲನ್ನು ಬೇಕೆಂದೇ ಇಷ್ಟು ಹೊತ್ತು ಹೇಳಿರಲಿಲ್ಲ. ಅದು ಕಾಫಿ. ಎರಡು ಲೋಟ, ಒಂದಕ್ಕೆ 350 ರೂಪಾಯಿ. ಹಾಲಿಲ್ಲ, ಸಕ್ಕರೆಯಿಲ್ಲ, ಕಾಗದದ ಸೋಸುಬಟ್ಟಲಿನಲ್ಲಿ ಪುಡಿ ಹಾಕಿ, ಮೇಜಿನ ಪಕ್ಕದಲ್ಲೇ ಬಿಸಿನೀರನ್ನು ದಾರದಂತೆ ಸುತ್ತಿ ಸುತ್ತಿ ಸುರಿದು ಕೊಟ್ಟರಂತೆ. ಹದಿನೈದರಿಂದ ಹದಿನೆಂಟು ಗ್ರಾಂ ಪುಡಿ ಒಂದು ಲೋಟಕ್ಕೆ. ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ ಬೀಜದ, ದರ ಗೊತ್ತಿರುವ ತೋಟದವರು ಇಲ್ಲೇ ಇದ್ದೀರಿ, ಲೆಕ್ಕ ನೀವೇ ಹಾಕಿಕೊಳ್ಳಿ. ಗೆಳೆಯ ಒಂದು ಗುಟುಕು ಕುಡಿದು, ಹುಳಿಯೆಂದು ಇಟ್ಟುಬಿಟ್ಟ. ತೊಳೆದು ಒಣಗಿಸಿದ ಅರೇಬಿಕಾವನ್ನು ತೆಳುವಾಗಿ ಹುರಿದರೆ ಆ ಹುಳಿ ಇರಲೇಬೇಕು. ಚಿಕೋರಿ ಬೆರೆತ ನಮ್ಮ ಡಿಕಾಕ್ಷನ್ನಿನಲ್ಲಿ, ಹಾಲಿನಡಿಯಲ್ಲಿ, ಅದು ಅಡಗಿಹೋಗುತ್ತದೆ. ಮೆನುವಿನಲ್ಲಿ ಅದನ್ನು ಸಹ್ಯಾದ್ರಿಯ ಮರದ ನೆರಳಿನ ತೋಟವೊಂದರ, ಎಸ್. 795 ತಳಿಯ ಕಾಫಿ ಎಂದು ಬರೆದಿತ್ತಂತೆ. 1940ರ ದಶಕದಲ್ಲಿ ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ತಳಿ ಅದು. ಹಾನುಬಾಳಿನ ಅವನ ತೋಟದ ಅರ್ಧ ಭಾಗದಲ್ಲಿ ಇರುವುದೂ ಅದೇ. ಪ್ರತಿವರ್ಷ ಅವನು ಅದನ್ನು ಪಲ್ಪ್ ಮಾಡಿಸಿ, ಕಣದಲ್ಲಿ ಒಣಗಿಸಿ, ಕ್ಯೂರಿಂಗಿಗೆ ಕಳಿಸುತ್ತಾನೆ.

"ಯಾರ ತೋಟದ್ದು ಅಂತ ಕೇಳ್ದೆ ತಾನೆ?" ಎಂದೆ.

ಅವನು ಸಂತೆಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಕೇಳ್ಬೋದಿತ್ತಾ?" ಎಂದ.